ನಿನ್ನೆಯ ಹುಳಿ, ಇಂದಿನ ಜಿಲೇಬಿ

ಇತಿಹಾಸವೆಂದರೆ ಅರಸರ ಪಟ್ಟಾಭಿಷೇಕ, ಕಾಳಗ, ಕೌಲು, ಗಡಿಗಳ ಬದಲಾವಣೆ ಎಂಬ ಭಾವನೆಯು ಪಾಠಪುಸ್ತಕಗಳಿಂದ ನಮ್ಮಲ್ಲಿ ಬಲವಾಗಿ ಬೇರೂರಿರುವದು. 1760ರಲ್ಲಿ ಉದಗೀರದಲ್ಲಿ ಮರಾಠರಿಗೂ ನಿಜಾಮನಿಗೂ ಕಾಳಗವಾಯಿತೆಂಬದನ್ನು ಮಕ್ಕಳು ಬಾಯಿಪಾಠ ಮಾಡುವರು. ಅದೇ ಉದಗೀರದ ಪೇಟೆಯಲ್ಲಿ ಹಲವಾಯಿಯು ಕಾದ ಕಢಾಯಿಯ ಮೇಲೆ ಕೈಸುತ್ತಿ ಬಿಡುವ ಜಿಲೇಬಿಯು ಎಲ್ಲಿಂದ ಬಂದಿತು, ಅದರ ಹಿಟ್ಟಿಗೆ ಹುಳಿಯು ಹೇಗೆ ಸೇರಿತು ಎಂದು ಕೇಳುವ ಪದ್ಧತಿ ಮಾತ್ರ ನಮ್ಮಲ್ಲಿಲ್ಲ. ಕೇಳಿದರೆ ಅಡಿಗೆಮನೆಯ ಮಾತೆಂದು ನಕ್ಕುಬಿಡುವರು. ಆದರೆ ಅಡಿಗೆಮನೆಯಷ್ಟು ಹಳೆಯ ದಫ್ತರಖಾನೆ ಇನ್ನೊಂದಿಲ್ಲವೆಂದು ನಾವು ನಂಬಿದ್ದೇವೆ. ಅದರಲ್ಲಿಯೂ ಉಮರ್ಗಾ, ನಿಲಂಗಾ, ಉದಗೀರಗಳ ಈ ಸೀಮೆಯಲ್ಲಿ, ಮಾಕಣಿಯಂಥ ಊರುಗಳಲ್ಲಿ, ಎರಡು ನುಡಿಗಳು ಒಂದೇ ಒಲೆಯ ಸುತ್ತ ಕುಳಿತಿರುವಾಗ ಆ ದಫ್ತರವನ್ನು ಬಿಚ್ಚಿ ನೋಡುವದು ಇತಿಹಾಸ ಕಲಿಸುವವರ ಕರ್ತವ್ಯವೇ ಆಗಿರುವದು.

ವಿಷಯವು ಇಷ್ಟೇ: ನಿನ್ನೆ ಉಳಿದ ಹುಳಿಹಿಟ್ಟನ್ನು ಚೆಲ್ಲದೆ ಇಂದಿನ ಭಕ್ಷ್ಯಕ್ಕೆ ಬಳಸುವದು. ಹಾಲಿಗೆ ಹೆಪ್ಪು ಹಾಕುವದನ್ನು ಅರಿಯದ ಮನೆಯು ನಮ್ಮಲ್ಲಿಲ್ಲ. ಹಿಟ್ಟಿಗೂ ಹಾಗೆಯೇ ಹೆಪ್ಪುಂಟು. ಹಲವಾಯಿಗಳು ಅದನ್ನು ಖಮೀರವೆನ್ನುವರು. ಈ ಶಬ್ದವು ಅರಬ್ಬಿಯಿಂದ ಉರ್ದುವಿನ ದ್ವಾರಾ ಬಂದದ್ದು. ಒಂದು ದಿನದ ಹಿಟ್ಟಿನಲ್ಲಿ ಸ್ವಲ್ಪವನ್ನು ಉಳಿಸಿ ಮರುದಿನದ ಹೊಸ ಹಿಟ್ಟಿಗೆ ಬೆರೆಸಿದರೆ ಅದೂ ಹುಳಿಯಾಗಿ ಉಬ್ಬುವದು. ಪಾಶ್ಚಾತ್ಯ ದೇಶಗಳಲ್ಲಿ ರೊಟ್ಟಿಯನ್ನು ಉಬ್ಬಿಸಲು ಜನರು ಸಾವಿರಾರು ವರ್ಷ ಅವಲಂಬಿಸಿದ್ದು ಈ ಉಪಾಯವನ್ನೇ. ಅಂಗಡಿಯಲ್ಲಿ ಮಾರುವ ಒಣ ಯೀಸ್ಟಿನ ಪುಡಿಯು ತೀರ ಈಚಿನದು.

2020ರಲ್ಲಿ ಕರೋನಾ ರೋಗದ ನಿಮಿತ್ತ ಜಗತ್ತೆಲ್ಲ ಮನೆಯೊಳಗೆ ಕುಳಿತಾಗ ಅಮೇರಿಕೆಯಲ್ಲಿಯೂ ಯುರೋಪಿನಲ್ಲಿಯೂ ಅಸಂಖ್ಯ ಜನರು ಈ ಹಳೆಯ ಹುಳಿಹಿಟ್ಟನ್ನು ಮತ್ತೆ ಭರಣಿಗಳಲ್ಲಿ ಸಾಕತೊಡಗಿದರು. 'ಸಾಕುವದು' ಎಂಬ ಮಾತು ಅತಿಶಯವಲ್ಲ. ಅದಕ್ಕೆ ಪ್ರತಿನಿತ್ಯ ಹೊಸ ಹಿಟ್ಟು ನೀರುಗಳ ಆಹಾರ ಕೊಡಬೇಕು, ಕೊಡುವ ಮುನ್ನ ಹಳೆಯದರಲ್ಲಿ ಒಂದು ಪಾಲನ್ನು ತೆಗೆದುಹಾಕಬೇಕು. ಇಲ್ಲವಾದರೆ ಭರಣಿಯು ತುಂಬಿ ಹರಿಯುವದು. ತೆಗೆದದ್ದನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಅಲ್ಲಿಯ ಗೃಹಿಣಿಯರು ಕಂಡುಕೊಂಡ ಉತ್ತರಗಳಲ್ಲಿ ಡೋನಟ್ಟು ಒಂದು. ಇದು ನಡುವೆ ತೂತುಳ್ಳ, ಸಿಹಿಯಾದ, ಎಣ್ಣೆಯಲ್ಲಿ ಕರಿದ ಅಥವಾ ಒಲೆಯಲ್ಲಿ ಬೇಯಿಸಿದ ಬಳೆ. ಎಲೆಯುದುರುವ ಕಾಲದಲ್ಲಿ, ಅಂದರೆ ನಮ್ಮ ದಸರೆ ದೀಪಾವಳಿಗಳ ಸುಮಾರಿಗೆ, ಸೇಬಿನ ರಸವನ್ನೋ ಕುಂಬಳಕಾಯಿಯ ತಿರುಳನ್ನೋ ದಾಲಚಿನ್ನಿಯನ್ನೋ ಸೇರಿಸಿ ಅದನ್ನು ಮಾಡುವರು. ಡಚ್ಚರು ನ್ಯೂಯಾರ್ಕಿಗೆ ಒಯ್ದ 'ಎಣ್ಣೆಗಡಬು' ಎಂಬರ್ಥದ ಭಕ್ಷ್ಯವೇ ಅದರ ಮೂಲವೆಂದು ಹೇಳುವರು. ವಾಶಿಂಗ್ಟನ್ ಅರ್ವಿಂಗನು 1809ರ ತನ್ನ ವಿನೋದಗ್ರಂಥದಲ್ಲಿ ಅದನ್ನು ಹೆಸರಿಸಿರುವನು. ಆಗ ಅದು ತೂತಿಲ್ಲದ ಉಂಡೆಯಾಗಿದ್ದಿತು. 1847ರಲ್ಲಿ ತಾನೇ ಮೊದಲು ತೂತು ಮಾಡಿದೆನೆಂದು ಹ್ಯಾನ್ಸನ್ ಗ್ರೆಗರಿ ಎಂಬ ಹಡಗಿನ ನಾಯಕನು ಮುಂದೆ ಹೇಳಿಕೊಂಡನು. ಉಂಡೆಯ ಹೊರಮೈ ಕರಕಾದರೂ ನಡುವು ಹಸಿಯಾಗಿಯೇ ಉಳಿಯುವದಕ್ಕೆ ಆತನು ಕಂಡ ಪರಿಹಾರವದು. ಉದ್ದಿನವಡೆಯ ನಡುವೆ ಹೆಬ್ಬೆರಳಿನಿಂದ ತೂತು ಮಾಡುವ ನಮ್ಮ ತಾಯಂದಿರು ಈ ಕೀರ್ತಿಗಾಗಿ ಯಾರೊಡನೆಯೂ ವಾದಿಸಲಿಲ್ಲ.

ದೂರದ ಮಾತು ಸಾಕು; ಹತ್ತಿರದ ಕಲ್ಯಾಣಕ್ಕೆ ಬರೋಣ. ಇಂದು ಬಸವಕಲ್ಯಾಣವೆನಿಸಿರುವ ಆ ಪಟ್ಟಣವು ಉಮರ್ಗೆಯಿಂದ ಬಹುದೂರವಲ್ಲ; ನಡುವೆ ಇರುವದು ರಾಜ್ಯಗಳ ಗಡಿಯೊಂದೇ. ಅಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. 1130ರ ಸುಮಾರಿಗೆ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಮಹಾಗ್ರಂಥದಲ್ಲಿ ಅರಸನು ಅನುಭವಿಸತಕ್ಕ ಭೋಗಗಳನ್ನು ಹೇಳುವ ಭಾಗದಲ್ಲಿ ಅನ್ನಭೋಗವೂ ಒಂದು. ವಟಕ, ಪೂರಿಕಾ, ದೋಸಕ, ಇಡ್ಡರಿಕಾ, ಘಾರಿಕಾ ಎಂಬ ಹೆಸರುಗಳು ಅಲ್ಲಿ ಬರುತ್ತವೆ. ಭಾಷೆಯು ಸಂಸ್ಕೃತವಾದರೂ ಹೆಸರುಗಳ ಕೆಳಗೆ ದೇಶಭಾಷೆಯ ವಡೆ, ಪೂರಿ, ದೋಸೆ, ಇಡ್ಡಲಿಗೆ, ಗಾರಿಗೆಗಳು ಅಡಗಿ ಕುಳಿತಿರುವದನ್ನು ಕನ್ನಡದ ವಿದ್ಯಾರ್ಥಿಯು ಯಾರ ಸಹಾಯವೂ ಇಲ್ಲದೆ ಕಾಣಬಲ್ಲನು. ಅರಸನ ಬಾಣಸಿಗರು ಅಡಿಗೆಮನೆಯಲ್ಲಿ ಸಂಸ್ಕೃತವನ್ನಾಡುತ್ತಿರಲಿಲ್ಲವೆಂಬದು ಸ್ಪಷ್ಟವೇ.

ಆದರೆ ಮಾನಸೋಲ್ಲಾಸವೇ ಮೊದಲಿನದಲ್ಲ. ಕ್ರಿ. ಶ. 920ರ ಸುಮಾರಿನದೆಂದು ಎಣಿಸುವ ಶಿವಕೋಟ್ಯಾಚಾರ್ಯನ 'ವಡ್ಡಾರಾಧನೆ'ಯೆಂಬ ಗದ್ಯಗ್ರಂಥದಲ್ಲಿ ಇಡ್ಡಲಿಗೆಯ ಹೆಸರಿರುವದು. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಅದನ್ನು ಮಾಡುವ ಬಗೆಯೇ ಉಂಟು: ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರನ್ನೂ ಸಂಬಾರಗಳನ್ನೂ ಬೆರೆಸಬೇಕು. ನಮ್ಮ ಪ್ರಕೃತಕ್ಕೆ ಮುಖ್ಯವಾದದ್ದು ಇದೇ. ಮಜ್ಜಿಗೆಯೂ ಮೊಸರಿನ ತಿಳಿಯೂ ಹಿಟ್ಟಿಗೆ ಹಾಕಿದ ಹೆಪ್ಪಲ್ಲದೆ ಬೇರೇನು? ರಾತ್ರಿಯಿಡೀ ಉಬ್ಬಲು ಬಿಡಬೇಕೆಂದು ಅಲ್ಲಿ ಹೇಳಿಲ್ಲವೆಂಬದೂ, ಅಕ್ಕಿಯ ಮಾತೇ ಇಲ್ಲವೆಂಬದೂ ನಿಜ. ಇದನ್ನು ಹಿಡಿದು ಆಹಾರೇತಿಹಾಸದ ದೊಡ್ಡ ವಿದ್ವಾಂಸರಾದ ಕೆ. ಟಿ. ಅಚ್ಚಯನವರು ಹಿಟ್ಟನ್ನು ಹುದುಗಿಸಿ ಹಬೆಯಲ್ಲಿ ಬೇಯಿಸುವ ಕ್ರಮವು ಇಂಡೊನೇಶಿಯದಿಂದ ಬಂದಿರಬಹುದೆಂದು ಊಹಿಸಿದರು. ಅವರ ಪಾಂಡಿತ್ಯದ ಮುಂದೆ ನಾವು ತಲೆಬಾಗುತ್ತೇವೆ. ಊಹೆಯನ್ನು ಮಾತ್ರ ಒಪ್ಪಲಾರೆವು. ಮಜ್ಜಿಗೆಯಲ್ಲಿ ನೆನೆದ ಉದ್ದು ನಮ್ಮ ಬೇಸಗೆಯಲ್ಲಿ ಯಾರನ್ನೂ ಕೇಳದೆ ತಾನೇ ಹುದುಗುವದು. ಅದನ್ನು ಕಲಿಸಲು ಸಮುದ್ರ ದಾಟಿ ಯಾರೂ ಬರಬೇಕಾಗಿಲ್ಲ. ಬರೆಯದಿದ್ದುದೆಲ್ಲ ಇರಲಿಲ್ಲವೆಂದು ತಿಳಿಯುವದು ಇತಿಹಾಸಕಾರನಿಗೆ ಅಪಾಯದ ಮಾರ್ಗ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಸೋಮೇಶ್ವರನು ತೀರಿಕೊಂಡದ್ದು 1138ರಲ್ಲಿ. ಆತನ ಅನ್ನಭೋಗದ ಪರಿಮಳವು ಕಲ್ಯಾಣದ ಗಾಳಿಯಲ್ಲಿ ಇನ್ನೂ ಇರುವಾಗಲೇ, ಕೆಲವೇ ದಶಕಗಳಲ್ಲಿ, ಅದೇ ಪಟ್ಟಣದಲ್ಲಿ ಬಸವಣ್ಣನವರೂ ಶರಣರೂ ನೆರೆದರು. ಶರಣರು ಬಹುವಾಗಿ ಗೌರವಿಸಿದ ಪುರಾತನನಾದ ಮಾದಾರ ಚೆನ್ನಯ್ಯನ ಕಥೆಯು ಪ್ರಸಿದ್ಧವಾದದ್ದು: ಚೋಳರಾಜನು ನಿತ್ಯವೂ ಅರ್ಪಿಸುತ್ತಿದ್ದ ಮೃಷ್ಟಾನ್ನವನ್ನು ಬಿಟ್ಟು ಶಿವನು ಚೆನ್ನಯ್ಯನ ಮನೆಯ ಅಂಬಲಿಯನ್ನು ಸವಿದನಂತೆ. ಕಥೆಯ ಭಕ್ತಿಯು ಭಕ್ತರಿಗೆ ಸೇರಿದ್ದು. ಇತಿಹಾಸದ ವಿದ್ಯಾರ್ಥಿಯು ಅದರಲ್ಲಿ ಗಮನಿಸಬೇಕಾದದ್ದು ಅಂಬಲಿಯನ್ನೇ. ಅಂಬಲಿಯೂ ಹುಳಿಸಿದ ಹಿಟ್ಟೇ. ಅರಮನೆಯಲ್ಲಿ ಉದ್ದಿನ ಹಿಟ್ಟು ಮೊಸರಿನ ತಿಳಿಯಿಂದ ಹುಳಿಯೇರುತ್ತಿದ್ದ ಕಾಲದಲ್ಲಿಯೇ ಬಡವನ ಗುಡಿಸಲಿನಲ್ಲಿ ಧಾನ್ಯದ ಹಿಟ್ಟು ಮಜ್ಜಿಗೆಯಿಂದ ಹುಳಿಯೇರುತ್ತಿದ್ದಿತು. ಒಂದಕ್ಕೆ ಅರಸನು ಗ್ರಂಥದಲ್ಲಿ ಸ್ಥಾನ ಕೊಟ್ಟನು; ಇನ್ನೊಂದಕ್ಕೆ ಜನರು ಕಥೆಯಲ್ಲಿ ಕೊಟ್ಟರು.

ಈ ಸೀಮೆಯಲ್ಲಿ ಹುಳಿಹಿಟ್ಟು ರೊಟ್ಟಿಯಾಗದೆ ಅಂಬಲಿಯಾದುದಕ್ಕೆ ಭೂಮಿಯೇ ಕಾರಣವಾಗಿರುವದು. ಮಾಂಜರಾ, ತೇರಣಾ ನದಿಗಳ ಈ ಕರಿಯ ಮಣ್ಣಿನಲ್ಲಿ ಹಿಂಗಾರಿಯ ಬಿಳಿಜೋಳವೇ ದೊರೆ. ಗೋಧಿಯ ಹಿಟ್ಟನ್ನು ನೀರಿನಲ್ಲಿ ನಾದಿದರೆ ರಬ್ಬರಿನಂತೆ ಹಿಗ್ಗುವ ಅಂಟೊಂದು ಹುಟ್ಟುವದು. ಹುದುಗಿನಿಂದೇಳುವ ಗಾಳಿಯನ್ನು ಅದು ಬಲೂನಿನಂತೆ ಹಿಡಿದಿಡುವದು. ಜೋಳದಲ್ಲಿ ಈ ಅಂಟಿಲ್ಲ. ಜೋಳದ ಹಿಟ್ಟನ್ನು ಎಷ್ಟು ಹುಳಿಸಿದರೂ ಗಾಳಿಯೆಲ್ಲ ಹೊರಟುಹೋಗುವದೇ ಹೊರತು ಹಿಟ್ಟು ಎದ್ದು ನಿಲ್ಲುವದಿಲ್ಲ. ಆದುದರಿಂದ ಜೋಳವನ್ನು ಹುಳಿಸದೆ ಬಡಿದರೆ ಭಕ್ಕರಿ, ಹುಳಿಸಿ ಕುದಿಸಿದರೆ ಅಂಬಲಿ. ಉದ್ದಿನಲ್ಲಿ ಬೇರೊಂದು ಬಗೆಯ ಲೋಳೆಯುಂಟು. ಗೋಧಿಯ ಅಂಟಿನಷ್ಟು ಬಲವಿಲ್ಲದಿದ್ದರೂ ಗಾಳಿಯನ್ನು ಹಿಡಿಯುವಷ್ಟು ಶಕ್ತಿ ಅದಕ್ಕುಂಟು. ವಡೆ ಇಡ್ಡಲಿಗೆಗಳಿಗೆ ಉದ್ದೇ ಬೇಕಾದುದು ಇದರಿಂದ.

ಅಂಬಲಿಯ ಮಹಿಮೆಯನ್ನು ಕಾಣಬೇಕಾದರೆ ಮಾರ್ಗಶಿರದ ಅಮಾವಾಸ್ಯೆಯ ದಿನ ಲಾತೂರ, ಧಾರಾಶಿವ ಜಿಲ್ಲೆಗಳ ಯಾವ ಹೊಲಕ್ಕಾದರೂ ಹೋಗಬೇಕು. ಊರೇ ಬರಿದಾಗಿ ಹೊಲವೇ ಊರಾಗಿರುವದು. ಜೋಳದ ದಂಟಿನ ಕೊಂಪೆಯನ್ನು ಕಟ್ಟಿ, ಒಳಗೆ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹಿಂದಿನ ದಿನವೇ ಮಜ್ಜಿಗೆ ಬೆರೆಸಿ ಸಿದ್ಧಪಡಿಸಿದ ಅಂಬಲಿಯ ಗಡಿಗೆಯನ್ನು ತಲೆಯ ಮೇಲೆ ಹೊತ್ತು ತಂದು, ಬೆಳೆಗೆ ಚರಗ ಚೆಲ್ಲಿ, ಬಳಿಕ ಭಜ್ಜಿ ಉಂಡೆಗಳೊಡನೆ ಎಲ್ಲರೂ ಉಣ್ಣುವರು. ದಾರಿಹೋಕನನ್ನು ಕರೆದು ಉಣಿಸದೆ ಬಿಡುವವರಿಲ್ಲ. ಈ ಹಬ್ಬವನ್ನು ಇಲ್ಲಿಯ ಮರಾಠಿಯಲ್ಲಿ 'ಯೇಳವಸ' ಎನ್ನುವರು. ಮರಾಠಿಯೊಳಗಿನಿಂದ ಈ ಹೆಸರಿಗೆ ಅರ್ಥ ಹುಟ್ಟುವದು ಕಷ್ಟ. 'ಎಳ್ಳಮಾವಾಸ್ಯೆ'ಯೆಂದು ಕನ್ನಡದಲ್ಲಿ ಉಚ್ಚರಿಸಿದೊಡನೆ ಎಲ್ಲವೂ ತಿಳಿಯಾಗುವದು. ಬೀದರ, ಕಲಬುರಗಿಗಳಲ್ಲಿ ಅದೇ ದಿನ ಅದೇ ಚರಗ, ಅದೇ ಅಂಬಲಿ. ಪುಣೆಯ ಕಡೆಯ ಮರಾಠಿಗರಿಗೆ ಈ ಹಬ್ಬದ ಹೆಸರನ್ನು ವಿವರಿಸಿ ಹೇಳಬೇಕಾಗುವದು. 'ಅಂಬಿಲ' ಎಂಬ ಮರಾಠಿ ಶಬ್ದದ ಗತಿ ಬೇರೆ. ಸಂಸ್ಕೃತದ ಅಮ್ಲವು ಪ್ರಾಕೃತದಲ್ಲಿ ಅಂಬಿಲವಾದುದುಂಟು. ನಮ್ಮ ಅಂಬಲಿಗೂ ಅದಕ್ಕೂ ಇರುವ ನಂಟನ್ನು ಭಾಷಾಶಾಸ್ತ್ರಜ್ಞರಿಗೆ ಬಿಡೋಣ.

ಇನ್ನು ಜಿಲೇಬಿ. ಉಳಿದ ಹುಳಿಹಿಟ್ಟಿನಿಂದ ಸಿಹಿಯ ಬಳೆಯನ್ನು ಮಾಡುವ ಕಲೆಯು ನಮ್ಮ ಪೇಟೆಗಳಲ್ಲಿ ಪ್ರತಿನಿತ್ಯ ಕಣ್ಣಿಗೆ ಬೀಳುವದು ಇದರಲ್ಲಿಯೇ. ಮೈದಾಹಿಟ್ಟಿಗೆ ಸ್ವಲ್ಪ ಕಡಲೆಹಿಟ್ಟನ್ನು ಸೇರಿಸಿ, ಹಿಂದಿನ ದಿನದ ಖಮೀರವನ್ನೋ ಹುಳಿಮೊಸರನ್ನೋ ಬೆರೆಸಿ ಕಲಸಿಟ್ಟರೆ ಬೆಳಗಾಗುವಷ್ಟರಲ್ಲಿ ಮೇಲೆ ಗುಳ್ಳೆಗಳೆದ್ದು ಹುಳಿವಾಸನೆ ಬರುವದು. ತೂತುಳ್ಳ ಬಟ್ಟೆಯಲ್ಲಿ ಹಾಕಿ, ಹಿಂಡಿ, ಅಗಲವಾದ ಕಢಾಯಿಯಲ್ಲಿ ಸುತ್ತುಸುತ್ತಾಗಿ ಬಿಟ್ಟು, ಗರಿಗರಿಯಾದೊಡನೆ ಬೆಚ್ಚನೆಯ ಸಕ್ಕರೆಪಾಕದಲ್ಲಿ ಅದ್ದುವರು. ಜಿಲೇಬಿಯ ಎಳೆಯನ್ನು ಮುರಿದು ನೋಡಿದರೆ ಒಳಗೆ ಟೊಳ್ಳಾದ ಕೊಳವೆಯಿರುವದು. ಹುದುಗಿನ ಗಾಳಿಯೂ ನೀರಿನ ಆವಿಯೂ ಕಾದ ಎಣ್ಣೆಯಲ್ಲಿ ಹಿಗ್ಗಿ ಕೊರೆದ ಕೊಳವೆಯದು. ಪಾಕವು ಕ್ಷಣಮಾತ್ರದಲ್ಲಿ ಒಳಸೇರುವದು ಅದರಿಂದಲೇ. ಹುಳಿಯಿಲ್ಲದ ಹಿಟ್ಟಿಗೆ ಸೋಡಾ ಹಾಕಿ ಕೂಡಲೇ ಕರಿದ ಜಿಲೇಬಿಯೂ ಉಬ್ಬುವದು, ಆದರೆ ಸಿಹಿಯ ಹಿಂದೆ ನಾಲಗೆಗೆ ತಾಕಬೇಕಾದ ಆ ಸಣ್ಣ ಹುಳಿಯು ಅದರಲ್ಲಿರುವದಿಲ್ಲ. ಈಚೆಗೆ ಅನೇಕ ಅಂಗಡಿಗಳಲ್ಲಿ ಸಿಗುವದು ಇಂಥದೇ. ಬಣ್ಣದಿಂದ ಆ ಕೊರತೆಯನ್ನು ಮುಚ್ಚುವರು.

ಜಿಲೇಬಿಯ ವಂಶಾವಳಿಯನ್ನು ಶಾಸ್ತ್ರೀಯವಾಗಿ ಶೋಧಿಸಿದ ಕೀರ್ತಿಯು ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪರಶುರಾಮ ಕೃಷ್ಣ ಗೋಡೆಯವರಿಗೆ ಸಲ್ಲುವದು. ಹಸ್ತಪ್ರತಿಗಳ ನಡುವೆಯೇ ಆಯುಷ್ಯ ಕಳೆದ ಆ ಪಂಡಿತರು 1943ರಲ್ಲಿ ಜಿಲೇಬಿಯ ಇತಿಹಾಸವನ್ನು ಕುರಿತು ಪ್ರಬಂಧವನ್ನೇ ಪ್ರಕಟಿಸಿದರು. ಅಡಿಗೆಯ ಮಾತೆಂದು ನಗುವವರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. 1450ರ ಸುಮಾರಿನ ಜಿನಸೂರನೆಂಬ ಜೈನ ಲೇಖಕನ 'ಪ್ರಿಯಂಕರನೃಪಕಥೆ'ಯಲ್ಲಿ ಶ್ರೀಮಂತನೊಬ್ಬನ ಔತಣದ ಭಕ್ಷ್ಯಗಳಲ್ಲಿ ಜಿಲೇಬಿಯ ಹೆಸರು ಬಂದಿದೆ. 1600ಕ್ಕಿಂತ ಹಿಂದಿನ 'ಗುಣ್ಯಗುಣಬೋಧಿನೀ' ಎಂಬ ಸಂಸ್ಕೃತ ಗ್ರಂಥದಲ್ಲಿ ಅದನ್ನು ಮಾಡುವ ಕ್ರಮವಿದೆ. ಹದಿನಾರನೆಯ ಶತಮಾನದ ಭಾವಮಿಶ್ರನ ವೈದ್ಯಗ್ರಂಥವಾದ 'ಭಾವಪ್ರಕಾಶ'ದಲ್ಲಿಯೂ ಅದರ ವಿವರವುಂಟು. ಈ ವೈದ್ಯನು ಹೇಳುವದು ಹಲವಾಯಿಯೂ ಒಪ್ಪುವಂತಿದೆ: ಹೊಸ ಗಡಿಗೆಯ ಒಳಮೈಗೆ ಹುಳಿಮೊಸರನ್ನು ಬಳಿಯಬೇಕು, ಗೋಧಿಯ ನಯವಾದ ಹಿಟ್ಟನ್ನು ಹುಳಿಮೊಸರು ತುಪ್ಪಗಳೊಡನೆ ಕಲಸಿ ಅದರಲ್ಲಿ ಹಾಕಿ, ಹುಳಿಯೇರುವವರೆಗೆ ಬಿಸಿಲಿನಲ್ಲಿಡಬೇಕು, ಬಳಿಕ ತೂತುಳ್ಳ ಪಾತ್ರೆಯಿಂದ ಕಾದ ತುಪ್ಪದಲ್ಲಿ ಸುತ್ತಿ ಸುತ್ತಿ ಬಿಟ್ಟು, ಬೆಂದೊಡನೆ ಸಕ್ಕರೆಪಾಕದಲ್ಲಿ ಮುಳುಗಿಸಬೇಕು. ಮಣ್ಣಿನ ಗಡಿಗೆಯು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಹುಳಿಯನ್ನು ಹೀರಿ ಇಟ್ಟುಕೊಳ್ಳುವದು. ಅದೇ ಮುಂದಿನ ಹಿಟ್ಟಿಗೆ ಹೆಪ್ಪು. ಸೂಕ್ಷ್ಮದರ್ಶಕವನ್ನು ಕಾಣದ ಕಾಲದವನಿಗೆ ಈ ತಂತ್ರವು ಎಷ್ಟು ಸ್ಪಷ್ಟವಾಗಿ ತಿಳಿದಿದ್ದಿತು!

ಹೆಸರು ಮಾತ್ರ ನಮ್ಮದಲ್ಲ. ಅರಬ್ಬಿಯ 'ಜಲಾಬಿಯಾ', ಪಾರಸಿಯ 'ಜುಲಬಿಯಾ' ಶಬ್ದಗಳೇ ಇದರ ಮೂಲವೆಂಬದು ವಿದ್ವಾಂಸರ ಸಾಮಾನ್ಯ ಮತ. ಹತ್ತನೆಯ ಶತಮಾನದ ಬಗದಾದಿನ ಅಲ್‌-ವರ್ರಾಕನ ಪಾಕಗ್ರಂಥದಲ್ಲಿ ಹುದುಗಿಸಿದ ಹಿಟ್ಟಿನ ಜಲಾಬಿಯಾ ಇರುವದು. ಅಂದರೆ ಕನ್ನಡನಾಡಿನಲ್ಲಿ ಶಿವಕೋಟ್ಯಾಚಾರ್ಯನು ಇಡ್ಡಲಿಗೆಯನ್ನು ಹೆಸರಿಸಿದ ಶತಮಾನದಲ್ಲಿಯೇ ಬಗದಾದಿನಲ್ಲಿ ಜಲಾಬಿಯಾ ಕರಿಯಲ್ಪಡುತ್ತಿದ್ದಿತು. ಅದು ಯಾವ ದಾರಿಯಿಂದ ಈ ಸೀಮೆಗೆ ಬಂದಿತೆಂದು ಬೆರಳಿಟ್ಟು ತೋರಿಸುವ ಕಾಗದವು ನಮ್ಮ ಕೈಯಲ್ಲಿಲ್ಲ. ಆದರೆ ಹದಿನೈದನೆಯ ಶತಮಾನದಲ್ಲಿ ಬಹಮನಿಗಳ ರಾಜಧಾನಿಯಾದ ಬೀದರವು ಇಲ್ಲಿಗೆ ಸಮೀಪದಲ್ಲಿಯೇ ಇರುವದನ್ನೂ, ಇರಾನಿನ ಮಹಮೂದ ಗಾವಾನನು ಅಲ್ಲಿ 1472ರಲ್ಲಿ ಕಟ್ಟಿಸಿದ ಮದರಸೆಯು ಇಂದಿಗೂ ನಿಂತಿರುವದನ್ನೂ ನೆನೆದರೆ ಪಾರಸಿಯ ಶಬ್ದವು ಉದಗೀರದ ಪೇಟೆಗೆ ಬರಲು ದಾರಿಯೇನೂ ಕಠಿಣವಾಗಿರಲಿಲ್ಲವೆಂದು ತೋರುವದು. ಬಂದ ಅತಿಥಿಗೆ ನಮ್ಮ ಪಂಡಿತರು 'ಕುಂಡಲಿಕಾ' ಎಂದು ಸಂಸ್ಕೃತದಲ್ಲಿ ನಾಮಕರಣ ಮಾಡಿದರು. ಹೆಸರು ಗ್ರಂಥದಲ್ಲುಳಿಯಿತು, ಜಿಲೇಬಿಯು ಬಾಯಲ್ಲುಳಿಯಿತು.

ಕನ್ನಡದಲ್ಲಿ ಪಾಕಶಾಸ್ತ್ರದ ಗ್ರಂಥಗಳಿಗೇನೂ ಕೊರತೆಯಿಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದನು. ಅದರಲ್ಲಿ ಪಿಷ್ಟಪಾಕಕ್ಕೆ, ಅಂದರೆ ಹಿಟ್ಟಿನ ಅಡಿಗೆಗಳಿಗೆ, ಒಂದು ಅಧ್ಯಾಯವೇ ಮೀಸಲು.

ದೀಪಾವಳಿಯ ಕರಿದ ತಿಂಡಿಗಳಲ್ಲಿ ಎರಡನ್ನು ಇಲ್ಲಿ ಹೆಸರಿಸಬೇಕು. ಅನಾರಸೆಗೆ ಅಕ್ಕಿಯನ್ನು ಮೂರು ದಿನ ನೆನೆಯಿಟ್ಟು, ದಿನಕ್ಕೊಮ್ಮೆ ನೀರು ಬದಲಿಸಿ, ನೆರಳಲ್ಲಿ ಆರಿಸಿ, ಕುಟ್ಟಿ, ಬೆಲ್ಲ ಕಲಸಿ, ಮತ್ತೆ ಕೆಲವು ದಿನ ಮುಚ್ಚಿಡುವರು. ಆ ನೆನೆತದಲ್ಲಿ ಬರುವ ಹುಳಿಯೇ ಅನಾರಸೆಯ ಜಾಳಿಗೆಗೆ ಕಾರಣ. ಆತುರಪಟ್ಟು ಒಂದೇ ದಿನ ನೆನೆಯಿಟ್ಟವರ ಅನಾರಸೆಯು ತುಪ್ಪದಲ್ಲಿ ಚದುರಿಹೋಗುವದು, ಇಲ್ಲವೇ ಕಲ್ಲಾಗುವದು. ಎರಡನೆಯದು ಕುಂಬಳಕಾಯಿಯ ಗಾರಿಗೆ. ಕೆಂಪುಕುಂಬಳದ ತುರಿಯನ್ನು ಬೆಲ್ಲದೊಡನೆ ಬೇಯಿಸಿ ಗೋಧಿಹಿಟ್ಟಿನಲ್ಲಿ ನಾದಿ ತಟ್ಟಿ ಕರಿಯುವ ಇದನ್ನು ಮರಾಠಿಯಲ್ಲಿ 'ಘಾರಗೆ' ಎನ್ನುವರು. ತೆಲುಗಿನಲ್ಲಿ 'ಗಾರೆ'ಯೆಂದರೆ ಉದ್ದಿನವಡೆ. ಮೂರು ಭಾಷೆಗಳಲ್ಲಿ ಹರಡಿರುವ ಈ ಹೆಸರನ್ನು ಮಾನಸೋಲ್ಲಾಸದ ಘಾರಿಕಾ ಶಬ್ದದೊಡನೆ ಇಟ್ಟು ನೋಡಿದರೆ ಒಂದು ಒಲೆಯಿಂದ ಮೂರು ಮನೆಗಳಿಗೆ ಬೆಂಕಿ ಹೋದುದು ಕಾಣುವದು. ಸೋಮೇಶ್ವರನ ಘಾರಿಕೆಯು ಉದ್ದಿನದು, ತೆಲುಗರು ಅದನ್ನು ಹಾಗೆಯೇ ಉಳಿಸಿಕೊಂಡರು. ನಾವೂ ಮರಾಠಿಗರೂ ಹೆಸರನ್ನು ಉಳಿಸಿ ಹಿಟ್ಟನ್ನು ಬದಲಿಸಿದೆವು. ಇನ್ನು ಕುಂಬಳಕಾಯಿಯಾದರೋ ಅಮೇರಿಕಾ ಖಂಡದಿಂದ ಬಂದ ಬೀಜ. ಸೋಮೇಶ್ವರನು ಅದನ್ನು ಕಂಡೇ ಇರಲಿಲ್ಲ. ಅಮೇರಿಕೆಯವರ ಶರತ್ಕಾಲದ ಕುಂಬಳಕಾಯಿ ಡೋನಟ್ಟೂ ನಮ್ಮ ಗಾರಿಗೆಯೂ ಇಷ್ಟರ ಮಟ್ಟಿಗೆ ಬೀಗರೆಂದು ಹೇಳಬಹುದು.

ಹಿಟ್ಟು ಹುಳಿಯೇರುವಾಗ ನಡೆಯುವದೇನು? 1680ರಲ್ಲಿ ಹಾಲೆಂಡಿನ ಲೇವೆನ್‌ಹೂಕನು ತಾನೇ ಮಾಡಿದ ಮಸೂರದಲ್ಲಿ ಯೀಸ್ಟಿನ ಕಣಗಳನ್ನು ಕಂಡನು, ಆದರೆ ಅವು ಜೀವಿಗಳೆಂದು ಆತನಿಗೆ ಹೊಳೆಯಲಿಲ್ಲ. 1857ರಲ್ಲಿ ಲೂಯಿ ಪಾಶ್ಚರನು ಹಾಲು ಹುಳಿಯುವದು ಸೂಕ್ಷ್ಮಜೀವಿಗಳ ಕೆಲಸವೆಂದು ಸಾಧಿಸಿದನು. ಹುಳಿಹಿಟ್ಟಿನಲ್ಲಿ ಎರಡು ಬಗೆಯ ಜೀವಿಗಳು ಒಟ್ಟಿಗೆ ಸಂಸಾರ ಮಾಡುತ್ತವೆ. ಹಿಟ್ಟಿನ ಪಿಷ್ಟವು ಒಡೆದು ಸಕ್ಕರೆಯಾಗುವದು. ಅದನ್ನುಂಡು ಯೀಸ್ಟು ಇಂಗಾಲಾಮ್ಲ ವಾಯುವನ್ನು ಬಿಡುವದು, ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಹುಳಿಯನ್ನು ಹುಟ್ಟಿಸುವವು. ಕೆಲವು ಬ್ಯಾಕ್ಟೀರಿಯಗಳು ಎರಡನ್ನೂ ಮಾಡಬಲ್ಲವು. ಇಡ್ಲಿಯ ಹಿಟ್ಟನ್ನು ಉಬ್ಬಿಸುವದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯವೆಂದು 1965ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಹುಳಿಯು ಬರಿಯ ರುಚಿಗಲ್ಲ. ರೋಗ ತರುವ ಅನೇಕ ಜೀವಿಗಳು ಆ ಹುಳಿಯಲ್ಲಿ ಬಾಳಲಾರವು. ಹಿಂದಿನವರು ಹಳೆಯ ಹಿಟ್ಟನ್ನು ನೆಚ್ಚಿ ಉಂಡದ್ದು ಅದರಿಂದಲೇ. ಆದರೂ ಹಿಟ್ಟಿನ ಮೇಲೆ ಕೆಂಪು, ಕಪ್ಪು, ಹಸಿರು ಬೂಷ್ಟು ಬಂದರೆ ಎಲ್ಲವನ್ನೂ ಚೆಲ್ಲಬೇಕು.

ಗುರುಗಳು ಇದನ್ನು ವರ್ಗದಲ್ಲಿ ಬಹು ಸುಲಭವಾಗಿ ತೋರಿಸಬಹುದು. ಎರಡು ಗಾಜಿನ ಲೋಟಗಳಲ್ಲಿ ಸಮಪ್ರಮಾಣದ ಮೈದಾಹಿಟ್ಟು ನೀರುಗಳನ್ನು ಕಲಸಿ, ಒಂದಕ್ಕೆ ಮಾತ್ರ ಎರಡು ಚಮಚೆ ಹಳೆಯ ಹುಳಿಹಿಟ್ಟನ್ನು ಸೇರಿಸ, ಹೊರಗೆ ದಾರ ಕಟ್ಟಿ ಮಟ್ಟವನ್ನು ಗುರುತಿಸಿದರೆ ಮರುದಿನ ಬೆಳಿಗ್ಗೆ ಮಕ್ಕಳೇ ವ್ಯತ್ಯಾಸವನ್ನು ಅಳೆಯುವರು. ವೈಶಾಖದಲ್ಲಿಯೂ ಪುಷ್ಯದಲ್ಲಿಯೂ ಮಾಡಿ ನೋಡಿದರೆ ಬಿಸಿಲಿನ ಪಾಲೆಷ್ಟೆಂಬದೂ ತಿಳಿಯುವದು. ಚಳಿದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ದೋಸೆಯ ಹಿಟ್ಟನ್ನು ವಿದ್ಯುದ್ದೀಪ ಹಚ್ಚಿದ ಒಲೆಯೊಳಗಿಟ್ಟು ಬೆಚ್ಚಗೆ ಕಾಯುವರಂತೆ. ಭಾವಮಿಶ್ರನ ಬಿಸಿಲಿಗೆ ಅವರು ಕಂಡುಕೊಂಡ ಬದಲಿಯದು.

ಮನೆಯಲ್ಲಿ ದೋಸೆಯ ಹಿಟ್ಟು ಮೂರನೆಯ ದಿನಕ್ಕೆ ಉಳಿದು ದೋಸೆಗೆ ಬಾರದಷ್ಟು ಹುಳಿಯಾದರೆ ಅದಕ್ಕೂ ನಮ್ಮಲ್ಲಿ ಮಾರ್ಗವಿದೆ. ಎರಡು ಬಟ್ಟಲು ಹಿಟ್ಟಿಗೆ ಅರ್ಧ ಬಟ್ಟಲು ಬೆಲ್ಲವನ್ನು ಕರಗಿಸಿ, ಸೋಸಿ, ಯಾಲಕ್ಕಿಪುಡಿಯನ್ನೂ ತೆಂಗಿನ ತುರಿಯನ್ನೂ ಸೇರಿಸಿ, ತೆಳ್ಳಗಾದರೆ ಒಂದೆರಡು ಚಮಚೆ ಗೋಧಿಹಿಟ್ಟನ್ನು ಕೂಡಿಸಿ, ಪಡ್ಡಿನ ಹಂಚಿನ ಕುಳಿಗಳಲ್ಲಿ ತುಪ್ಪ ಸವರಿ ಹೊಯ್ದು ಮುಚ್ಚಿ, ಸಣ್ಣ ಉರಿಯಲ್ಲಿ ಎರಡೂ ಮಗ್ಗಲು ಬೇಯಿಸಿದರೆ ಸಿಹಿಪಡ್ಡು ಸಿದ್ಧ. ಕೆಲವರು ಇದನ್ನು ಗುಳಿಯಪ್ಪವೆನ್ನುವರು. ಮರಾಠಿಯ ಮನೆಗಳಲ್ಲಿ ಅಪ್ಪೆ. ಎಣ್ಣೆಯ ಕಢಾಯಿಯಿಲ್ಲದೆ ಮನೆಯಲ್ಲಿ ಮಾಡಬಹುದಾದ ಡೋನಟ್ಟು ಇದೇ. ಹಳ್ಳಿಯ ಹಳೆಯ ಅಡಿಗೆಯಲ್ಲಿ ಇಡ್ಲಿ ದೋಸೆಗಳಿಗೆ ಇಲ್ಲಿ ದೊಡ್ಡ ಸ್ಥಾನವಿರಲಿಲ್ಲ. ಉಡುಪಿಯ ಹೊಟೆಲುಗಳೊಡನೆ ಅವು ಇತ್ತ ಬಂದವು. ಕಲ್ಯಾಣದ ಅರಮನೆಯಿಂದ ಎದ್ದುಹೋದ ಇಡ್ಡಲಿಗೆಯು ಎಂಟು ನೂರು ವರ್ಷಗಳ ತರುವಾಯ ಕರಾವಳಿಯ ಹೊಟೆಲಿನವರ ಕೈಹಿಡಿದು ತವರಿಗೆ ಮರಳಿದ್ದು ವಿಚಿತ್ರವೇ ಸರಿ.

ಇಷ್ಟನ್ನೆಲ್ಲ ಬರೆಯಲು ಕಾರಣವೊಂದಿದೆ. 1956ರ ನವೆಂಬರ 1ರಂದು ಹೈದರಾಬಾದ ಸಂಸ್ಥಾನವು ಮೂರು ಪಾಲಾದಾಗ ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. ಬೀದರವೂ ಕಲ್ಯಾಣವೂ ಮೈಸೂರು ರಾಜ್ಯಕ್ಕೆ ಹೋದವು. 1960ರಲ್ಲಿ ಮುಂಬಯಿ ರಾಜ್ಯವು ಒಡೆದು ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರವು ಬೇರೆ ಜಿಲ್ಲೆಯಾಯಿತು. 2023ರಲ್ಲಿ ಉಸ್ಮಾನಾಬಾದಕ್ಕೆ ಧಾರಾಶಿವವೆಂಬ ಹೆಸರಾಯಿತು. ಅಂದಿನಿಂದ ಎರಡೂ ಕಡೆಯಿಂದ ನಾವು ಎರಡು ಬಗೆಯ ಮಾತುಗಳನ್ನು ಕೇಳುತ್ತ ಬಂದಿದ್ದೇವೆ. ಇಲ್ಲಿ ಕನ್ನಡವು ನಿನ್ನೆ ಮೊನ್ನೆ ಬಂದ ಕೂಲಿಕಾರರ ಭಾಷೆಯೆಂದು ಕೆಲವರು ಹೇಳುವರು. ಈ ಜಿಲ್ಲೆಗಳಲ್ಲಿ ಸಿಕ್ಕ ಚಾಲುಕ್ಯರ ಕಾಲದ ಕನ್ನಡ ಶಾಸನಗಳೂ, ರಾಷ್ಟ್ರಕೂಟರು ತಮ್ಮ ಮೂಲಸ್ಥಾನವೆಂದು ಹೇಳಿಕೊಂಡ ಲಟ್ಟಲೂರೇ ಇಂದಿನ ಲಾತೂರವೆಂಬ ವಿದ್ವಾಂಸರ ಮತವೂ ಅವರಿಗೆ ಉತ್ತರ. ಶಾಸನವನ್ನೋದಲು ಬಾರದವರಿಗೆ ಯೇಳವಸದ ಹೆಸರು ಸಾಕು. ಇನ್ನು ಕೆಲವರು, ನಮ್ಮವರೇ, ಅಂಬಲಿಯಿಂದ ಜಿಲೇಬಿಯವರೆಗೆ ಎಲ್ಲವೂ ಕನ್ನಡದ ಸೊತ್ತು ಎಂದು ಸಭೆಗಳಲ್ಲಿ ಕೂಗುವರು. ಇದೂ ಸುಳ್ಳೇ. ಜಿಲೇಬಿಯ ಹೆಸರು ಅರಬ್ಬಿಯದು, ಅದರ ಇತಿಹಾಸವನ್ನು ಬರೆದವರು ಮರಾಠಿಗರು, ಹೊಸ ಗಡಿಗೆಗೆ ಮೊಸರು ಬಳಿಯಲು ಹೇಳಿದವನು ಉತ್ತರದ ವೈದ್ಯನು. ಶಿಷ್ಯರ ಮುಂದೆ ಇದನ್ನು ಮರೆಮಾಡಿದ ಗುರುವು ಅವರಿಗೆ ಇತಿಹಾಸವನ್ನು ಕಲಿಸಿದಂತಾಗಲಿಲ್ಲ.

ಸಪ್ಟೆಂಬರ 17ನ್ನೇ ನೋಡಿರಿ. 1948ರಲ್ಲಿ ನಿಜಾಮನ ಆಳಿಕೆಯು ಕೊನೆಗಂಡ ಆ ದಿನವನ್ನು ಗಡಿಯ ಇತ್ತ ಮರಾಠವಾಡಾ ಮುಕ್ತಿಸಂಗ್ರಾಮ ದಿನವೆಂದೂ, ಅತ್ತ ಕಲ್ಯಾಣ ಕರ್ನಾಟಕ ಉತ್ಸವವೆಂದೂ ಆಚರಿಸುವರು. ಧ್ವಜವಂದನೆಯಾದ ಮೇಲೆ ಜಿಲೇಬಿ ತಿನ್ನುವ ರೂಢಿಯು ಆಗಸ್ಟ 15, ಜನೇವರಿ 26ಗಳಂದು ಮಹಾರಾಷ್ಟ್ರದ ಊರೂರುಗಳಲ್ಲಿ ಬೆಳೆದಿರುವದು. ಬೆಳಗಿನಲ್ಲಿಯೇ ಅಂಗಡಿಗಳ ಮುಂದೆ ಸಾಲು ನಿಲ್ಲುವದು. ಹಲವಾಯಿಯು ಹಿಂದಿನ ರಾತ್ರಿಯೇ ಖಮೀರವನ್ನು ಹೆಚ್ಚಿಸಿ ಕಲಸಿಡದಿದ್ದರೆ ಆ ಸಾಲನ್ನು ತೃಪ್ತಿಪಡಿಸಲಾರನು.

ಹುಳಿಹಿಟ್ಟಿಗೂ ಅದರ ಪಾತ್ರೆಗೂ ನಮ್ಮ ಮನೆಗಳಲ್ಲಿ ಇದ್ದ ಹೆಸರುಗಳು ಅಜ್ಜಿಯರೊಡನೆ ಬೇಗ ಬೇಗ ಮರೆಯಾಗುತ್ತಿವೆ. ಅಂಬಲಿಯ ಗಡಿಗೆಗೆ ಬೇರೆ ಹೆಸರುಂಟೆ, ಅದನ್ನು ತೊಳೆಯದೆ ಇಡುವ ವಾಡಿಕೆ ಯಾವ ಯಾವ ಮನೆಗಳಲ್ಲಿತ್ತು, ಎಳ್ಳಮಾವಾಸ್ಯೆಯ ಮರುದಿನ ಉಳಿದ ಅಂಬಲಿಯನ್ನು ಏನು ಮಾಡುತ್ತಿದ್ದರು, ಚರಗ ಚೆಲ್ಲುವಾಗ ಕೂಗುವ ಕೂಗಿನ ಶಬ್ದಗಳು ಯಾವುವು ಎಂಬ ನಾಲ್ಕು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರಿಗೆ ಕೇಳಿ, ಉತ್ತರವನ್ನು ಅವರು ಹೇಳಿದ ಮಾತಿನಲ್ಲಿಯೇ, ಕನ್ನಡವಾದರೆ ಕನ್ನಡ, ಮರಾಠಿಯಾದರೆ ಮರಾಠಿ, ಉರ್ದುವಾದರೆ ಉರ್ದು, ಊರಿನ ಹೆಸರಿನೊಡನೆ ಬರೆದಿಡಲಿ. ಗುರುಗಳು ಅವನ್ನು ತಿದ್ದದೆ ಒಟ್ಟುಗೂಡಿಸಿದರೆ ಮುಂದಿನ ಎಳ್ಳಮಾವಾಸ್ಯೆಯ ಹೊತ್ತಿಗೆ ಊರೂರಿನ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.